ಒಂದೇ ಸಲ ಮೂರು ನಾಟಕ ಒಪ್ಪಿಕೊಂಡಿದ್ದೀರಾ? ಮೊದಲು ಕ್ಯಾಲೆಂಡರ್ ತೆಗೀರಿ

ನಮಸ್ಕಾರ. ಸಂಜೆ ಆರೂವರೆ, ಬೆಂಗಳೂರು. ಆಫೀಸು ಮುಗಿಸಿ, ಬ್ಯಾಗು ಹೆಗಲಿಗೇರಿಸಿ ತಾಲೀಮಿಗೆ ಓಡೋ ಹವ್ಯಾಸಿ ಕಲಾವಿದರಿಗೆ ಈ ವಿಡಿಯೋ. ಅದರಲ್ಲೂ ಎರಡು ಮೂರು ತಂಡಕ್ಕೆ ಒಟ್ಟಿಗೇ ಹ್ಞೂಂ ಅಂದಿರೋರಿಗೆ.

ಒಂದೂವರೆ ಗಂಟೆಯ ಹೊಸ ನಾಟಕಕ್ಕೆ ಆರು ವಾರದ ತಾಲೀಮು ಅಂತಿಟ್ಕೊಳ್ಳಿ. ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ, ಒಟ್ಟು 90 ಗಂಟೆ. ಆದ್ರೆ ಅಷ್ಟೂ ಗಂಟೆ ಒಂದೇ ತೂಕದ್ದಲ್ಲ. ಮೊದಲೆರಡು ವಾರ ಓದು. ಒಂದು ದಿನ ತಪ್ಪಿದ್ರೂ ಮನೇಲಿ ಕೂತು ಸರಿದೂಗಿಸಬಹುದು. ಬ್ಲಾಕಿಂಗ್, ಅಂದ್ರೆ ರಂಗದ ಮೇಲೆ ಯಾರು ಎಲ್ಲಿ ನಿಲ್ಬೇಕು, ಯಾವಾಗ ನಡೀಬೇಕು ಅಂತ ಗೊತ್ತು ಮಾಡೋದು, ಶುರುವಾದ್ಮೇಲೆ ಹಾಗಲ್ಲ. ನೀವಿಲ್ಲದ ದಿನ ನಿಮ್ಮ ಜಾಗದಲ್ಲಿ ಇನ್ಯಾರೋ ಸ್ಕ್ರಿಪ್ಟ್ ಹಿಡ್ಕೊಂಡು ನಿಲ್ತಾರೆ. ಎದುರಿನ ನಟ ಅವರ ಲಯಕ್ಕೆ ಒಗ್ಗಿಬಿಡ್ತಾರೆ. ನೀವು ಬಂದಾಗ ದೃಶ್ಯ ಮತ್ತೆ ಮೊದಲಿಂದ ಕಟ್ಟಬೇಕು. ಕೊನೇ ಹತ್ತು ದಿನ ಅಂತೂ ರನ್‌ಥ್ರೂ, ಲೈಟು, ಸಂಗೀತ, ಜಿ.ಆರ್. ಅಂದ್ರೆ ಗ್ರ್ಯಾಂಡ್ ರಿಹರ್ಸಲ್. ಈ ಹತ್ತು ದಿನಾನ ಇನ್ನೊಂದು ನಾಟಕದ ಜೊತೆ ಹಂಚ್ಕೊಳ್ಳೋಕೆ ಹೋಗ್ಲೇಬೇಡಿ.

ಅದಕ್ಕೇ, ಕರೆ ಬಂದ ತಕ್ಷಣ ಮೊದಲ ಶೋ ಯಾವತ್ತು ಅಂತ ಕೇಳಿ. ಥಿಯೇಟರ್ ಬುಕ್ ಆಗಿದ್ಯಾ ಅಂತಲೂ ಕೇಳಿ, ಯಾಕಂದ್ರೆ ಬುಕ್ ಆಗದ ದಿನಾಂಕ ಜರುಗುತ್ತೆ. ಆ ದಿನದಿಂದ ಹತ್ತು ದಿನ ಹಿಂದಕ್ಕೆ ಎಣಿಸಿ ಕ್ಯಾಲೆಂಡರ್ ಮೇಲೆ ಕೆಂಪು ಗೆರೆ ಎಳೀರಿ. ಎರಡು ಕೆಂಪು ಗೆರೆ ಒಂದರ ಮೇಲೊಂದು ಬಿದ್ರೆ ಎರಡನೇ ತಂಡಕ್ಕೆ ಅವತ್ತೇ ಇಲ್ಲ ಅನ್ನಿ. "ನೋಡೋಣ ಸರ್, ಅಡ್ಜಸ್ಟ್ ಮಾಡ್ಕೊಳ್ಳೋಣ" ಅನ್ನೋ ಮಾತು ಬೇಡ. ಅದನ್ನ ನಂಬಿ ನಿರ್ದೇಶಕರು ಪಾತ್ರ ಹಂಚಿರ್ತಾರೆ, ಹತ್ತು ಹನ್ನೆರಡು ಜನ ತಮ್ಮ ಸಂಜೆಗಳನ್ನ ಕೊಟ್ಟಿರ್ತಾರೆ.

ಹೆಗ್ಗೋಡಿನ ನೀನಾಸಂ ಸಂಸ್ಥೆಯ ಸಂಚಾರಿ ನಾಟಕ ತಂಡ "ತಿರುಗಾಟ" 1985ರಿಂದ ಒಂದಕ್ಕಿಂತ ಹೆಚ್ಚು ನಾಟಕಗಳನ್ನ ಹೊತ್ತು ಊರೂರು ಸುತ್ತುತ್ತೆ, ಕಲಾವಿದರು ಅವರೇ. ಅಲ್ಲಿ ನಡೆಯೋದು ನಮಗ್ಯಾಕೆ ಕಷ್ಟ? ಅಲ್ಲಿ ತಂಡ ಒಂದೇ, ವೇಳಾಪಟ್ಟಿ ಒಂದೇ. ಇಲ್ಲಿ ಮೂರು ತಂಡ, ಒಬ್ಬರ ಕ್ಯಾಲೆಂಡರ್ ಇನ್ನೊಬ್ಬರು ಕಂಡಿರೋದಿಲ್ಲ. ನೋಡೋ ಕಣ್ಣು ನಿಮ್ಮದೊಂದೇ. ಹಾಗಾಗಿ ನಿಮ್ಮ ಎಲ್ಲಾ ದಿನಾಂಕಗಳನ್ನ ಮೂರೂ ತಂಡದ ಮ್ಯಾನೇಜರ್‌ಗಳಿಗೆ ವಾಟ್ಸಾಪ್ ಮಾಡಿ, ಬದಲಾದ್ರೆ ಅದೇ ದಿನ ಮತ್ತೆ ಕಳಿಸಿ.

ಶೋ ದಿನವನ್ನ ಇಡೀ ದಿನ ಅಂತಲೇ ಬರ್ಕೊಳ್ಳಿ. ಸೆಟ್ ಏರಬೇಕು, ಲೈಟ್ ಫೋಕಸ್ ಆಗ್ಬೇಕು, ಆ ರಂಗದ ಮೇಲೆ ಒಂದ್ಸಲ ನಡೆದು ನೋಡ್ಬೇಕು. ರವೀಂದ್ರ ಕಲಾಕ್ಷೇತ್ರದಲ್ಲಿ ಅಳೆದ ಹೆಜ್ಜೆ, ಎತ್ತಿದ ದನಿ ರಂಗಶಂಕರದಲ್ಲಿ ಹೊಂದೋದಿಲ್ಲ. ಜೆ.ಪಿ. ನಗರದ ಆ ರಂಗದಲ್ಲಿ ಏಳೂವರೆ ಅಂದ್ರೆ ಏಳೂವರೆಗೇ ಶುರು, ತಡವಾಗಿ ಬಂದವರಿಗೆ ಒಳಗೆ ಪ್ರವೇಶ ಇಲ್ಲ. ಭಾನುವಾರ ಮೂರೂವರೆಗೊಂದು, ಏಳೂವರೆಗೊಂದು ಶೋ ಇದ್ರೆ, ಮಧ್ಯೆ ಇನ್ನೊಂದು ತಂಡದ ತಾಲೀಮಿಗೆ ಹೋಗಿಬರ್ತೀನಿ ಅನ್ನೋದು ಆಗದ ಮಾತು.

ಹಳೇ ನಾಟಕದ ಮರುಪ್ರದರ್ಶನ ಸುಲಭ ಅಂತ ತುಂಬಾ ಜನ ತಿಳ್ಕೊಂಡಿರ್ತಾರೆ. ಕನಿಷ್ಠ ಮೂರು ತಾಲೀಮು ಬೇಕೇ ಬೇಕು. ಕೂತು ಬರೀ ಮಾತು ಒಪ್ಪಿಸೋದು ಒಂದು, ಚಲನೆ ಸಮೇತ ಒಂದು, ಜಿ.ಆರ್. ಒಂದು.

ಇನ್ನು ಮಾತು ಕಲಸಿಹೋಗೋ ವಿಷಯ. ಸ್ಕ್ರೀನ್ ಮೇಲಿರೋ ಈ ಪುಟ ನೋಡಿ. ಪೆನ್ಸಿಲ್‌ನಲ್ಲಿ ಸುತ್ತಿರೋ ಪದ ಎದುರು ಪಾತ್ರದ ಕೊನೇ ಪದ, ಅಂದ್ರೆ ನೀವು ಮಾತು ಶುರು ಮಾಡೋಕೆ ಕ್ಯೂ, "ಬಂದ್ರಾ?". ಪಕ್ಕದಲ್ಲಿರೋದು ಇನ್ನೊಂದು ನಾಟಕದ ಪುಟ. ಅಲ್ಲೂ ಕ್ಯೂ "ಬಂದ್ರಾ?"ನೇ. ನಾಲಿಗೆ ಜಾರೋದು ಇಂಥ ಕಡೆಯೇ, ಉದ್ದದ ಸ್ವಗತದಲ್ಲಿ ಅಷ್ಟು ಜಾರೋಲ್ಲ. ಎರಡೂ ಸ್ಕ್ರಿಪ್ಟ್ ಪಕ್ಕಪಕ್ಕ ಇಟ್ಟು ಇಂಥ ಅವಳಿ ಕ್ಯೂಗಳನ್ನ ಹುಡುಕಿ ಗುರುತು ಹಾಕಿ. ಆಮೇಲೆ ಆ ಮಾತನ್ನ ಕೂತು ಉರು ಹೊಡೀಬೇಡಿ. ಎದ್ದು, ಆ ದೃಶ್ಯದ ಹೆಜ್ಜೆ ಇಡ್ತಾ, ಕೈಯಲ್ಲಿರಬೇಕಾದ ಚೊಂಬೋ ಕೋಲೋ ಹಿಡ್ಕೊಂಡೇ ಹೇಳಿ. ಮಾತು ಮರೆತ್ರೂ ಮೈ ಮರೆಯೋಲ್ಲ. ಒಂದೇ ಸಂಜೆ ಎರಡು ನಾಟಕದ ಮಾತು ಅಭ್ಯಾಸ ಮಾಡೋದನ್ನ ಆದಷ್ಟು ತಪ್ಪಿಸಿ. ಮಾಡ್ಲೇಬೇಕಾದ್ರೆ ಮಧ್ಯೆ ಊಟ, ಸ್ನಾನ ಏನಾದ್ರೂ ಇರಲಿ.

ಗಡ್ಡದ ವಿಷಯ ಮರೆಯೋ ಹಾಗಿಲ್ಲ. ಒಂದು ಪಾತ್ರಕ್ಕೆ ಗಡ್ಡ, ಇನ್ನೊಂದಕ್ಕೆ ನುಣ್ಣನೆ ಮುಖ ಬೇಕಿದ್ರೆ ಪ್ರಸಾಧನ ಮಾಡೋರಿಗೆ ಮುಂಚೆಯೇ ತಿಳಿಸಿ. ಸ್ಪಿರಿಟ್ ಗಮ್ ಹಚ್ಚಿ ಕ್ರೇಪ್ ಕೂದಲು ಅಂಟಿಸೋಕೆ ಸಮಯ ಹಿಡಿಯುತ್ತೆ. ಬೆವರಿದ ಚರ್ಮದ ಮೇಲೆ ಅದು ನಿಲ್ಲೋದಿಲ್ಲ, ಆಗಷ್ಟೇ ಕ್ಷೌರ ಮಾಡಿದ ಕೆನ್ನೆಗೆ ಹಚ್ಚಿದ್ರೆ ಉರಿಯುತ್ತೆ.

ಕೊನೇದಾಗಿ, ನಾಟಕಕ್ಕೊಂದು ಬ್ಯಾಗ್. ಸ್ಕ್ರಿಪ್ಟು, ಪೆನ್ಸಿಲ್ಲು, ತಾಲೀಮಿನ ಪಂಚೆ ಅಥವಾ ಸೀರೆ, ಆ ಪಾತ್ರದ ಚಪ್ಪಲಿ, ಎಲ್ಲಾ ಅದರಲ್ಲೇ ಇರಲಿ. ಶೋ ಮುಗಿಸಿ ರಾತ್ರಿ ಮನೆಗೆ ಬಂದಾಗ ಎಷ್ಟೇ ಸುಸ್ತಾಗಿದ್ರೂ ಬೆವರಿನ ಬಟ್ಟೆ ಒಗೆಯೋಕೆ ಹಾಕಿ. ಆ ಬ್ಯಾಗ್ ಒಳಗಿಟ್ಟು, ನಾಳೆಯ ಬ್ಯಾಗನ್ನ ಬಾಗಿಲ ಹತ್ತಿರ ಇಟ್ಟು ಮಲಗಿ.