ಎಂಟು ಗಂಟೆ ಮಲಗಿದ್ದು ಸರಿ, ನಿದ್ದೆ ಹೇಗಿತ್ತು ಹೇಳಿ

ನಮಸ್ಕಾರ. ಇವತ್ತಿಗೆ ಬೇರೆಯದೇ ವಿಷಯ ಬರೆದಿಟ್ಟುಕೊಂಡಿದ್ದೆ. ಅದನ್ನು ಪಕ್ಕಕ್ಕಿಟ್ಟೆ. ಕಾರಣ ಒಂದು ಕಾಮೆಂಟ್. ಹೋದ ವಿಡಿಯೊ ಕೆಳಗೆ ಒಬ್ಬರು ಬರೆದಿದ್ದಾರೆ: "ನಾನು ದಿನಾ ಎಂಟು ಗಂಟೆ ಮಲಗುತ್ತೇನೆ. ಆದರೂ ಬೆಳಗ್ಗೆಯಿಂದಲೇ ಸಿಡಿಮಿಡಿ, ಯಾವುದರಲ್ಲೂ ಮನಸ್ಸಿಲ್ಲ. ಅಂದಮೇಲೆ ನಿದ್ದೆಗೂ ಮನಸ್ಸಿಗೂ ಸಂಬಂಧವೇ ಇಲ್ಲ. ಸುಮ್ನೆ ಜನರನ್ನು ಹೆದರಿಸಬೇಡಿ." ಇದಕ್ಕೆ ಇನ್ನೂರು ಚಿಲ್ಲರೆ ಲೈಕ್!

ಸ್ವಾಮಿ, ಎಂಟು ಗಂಟೆ ಮಲಗಿದಿರಿ, ಒಪ್ಪಿದೆ. ನಿದ್ದೆ ಹೇಗಿತ್ತು? ಅದನ್ನು ಹೇಳಲೇ ಇಲ್ಲವಲ್ಲ.

ನಿದ್ದೆ ಸುತ್ತು ಸುತ್ತಾಗಿ ಬರುತ್ತದೆ. ಒಂದು ಸುತ್ತಿಗೆ ಸುಮಾರು 90 ನಿಮಿಷ. ರಾತ್ರಿಗೆ ನಾಲ್ಕೈದು ಸುತ್ತು. ಗಾಢ ನಿದ್ದೆ ಹೆಚ್ಚಾಗಿ ಮೊದಲರ್ಧ ರಾತ್ರಿಯಲ್ಲಿ, ಕನಸಿನ ನಿದ್ದೆ ಹೆಚ್ಚಾಗಿ ಬೆಳಗಿನ ಜಾವಕ್ಕೆ. ನಡುವೆ ಎಚ್ಚರ ಆಯಿತು ಅಂದರೆ ಬಿಟ್ಟ ಜಾಗದಿಂದ ಮುಂದುವರಿಯುವುದಿಲ್ಲ. ಮತ್ತೆ ತೆಳು ನಿದ್ದೆಯಿಂದ ಶುರು. ಹೀಗೆ ಏಳೆಂಟು ಸಲ ಆದರೆ ಗಾಢ ನಿದ್ದೆಗೆ ಇಳಿಯುವುದು ಯಾವಾಗ?

ಇದನ್ನು ಪರೀಕ್ಷೆ ಮಾಡಿಯೇ ನೋಡಿದ್ದಾರೆ. 2015ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಸಂಶೋಧಕರು 62 ಜನ ಆರೋಗ್ಯವಂತರನ್ನು ಮೂರು ರಾತ್ರಿ ಲ್ಯಾಬಿನಲ್ಲಿ ಮಲಗಿಸಿದರು. ಒಂದು ಗುಂಪನ್ನು ಮತ್ತೆ ಮತ್ತೆ ಎಬ್ಬಿಸಿದರು. ಇನ್ನೊಂದು ಗುಂಪನ್ನು ತಡವಾಗಿ ಮಲಗಿಸಿದರು, ಆದರೆ ನಡುವೆ ಮುಟ್ಟಲಿಲ್ಲ. ಮೂರನೆಯ ಗುಂಪು ಹಾಯಾಗಿ ಮಲಗಿತು. ಮೊದಲೆರಡು ಗುಂಪಿಗೂ ಸಿಕ್ಕ ಒಟ್ಟು ನಿದ್ದೆ ಹೆಚ್ಚುಕಡಿಮೆ ಒಂದೇ, ನೆನಪಿಡಿ. ಎರಡನೇ ರಾತ್ರಿ ಕಳೆಯುವಷ್ಟರಲ್ಲಿ ತಡವಾಗಿ ಮಲಗಿದವರ ಉಲ್ಲಾಸ ಶೇ. 12ರಷ್ಟು ಇಳಿದಿತ್ತು. ಎಬ್ಬಿಸಿದವರದ್ದು? ಶೇ. 31. ಗಂಟೆ ಅಷ್ಟೇ, ಮನಸ್ಸಿನ ಕಥೆ ಮಾತ್ರ ಬೇರೆ!

ನನಗೆ ಇದು ಲ್ಯಾಬಿನ ಕಥೆ ಅಲ್ಲ. ನನ್ನ ಅಪ್ಪ ರಾತ್ರಿ ಹತ್ತಕ್ಕೆ ಮಲಗಿ ಐದಕ್ಕೆ ಏಳುವವರು. ಏಳು ಗಂಟೆ, ಲೆಕ್ಕ ಅಚ್ಚುಕಟ್ಟು. ಆದರೆ ಎದ್ದಾಗಲೇ ಮುಖ ಗಂಟು. ಕನ್ನಡಕ ಇಟ್ಟ ಜಾಗದಲ್ಲಿ ಇಲ್ಲ ಅಂದರೆ ಇಡೀ ಮನೆ ನಡುಗಬೇಕು. ಸಂಜೆಯಾದರೆ ಯಾರ ಜೊತೆಗೂ ಮಾತಿಲ್ಲ, ಗೋಡೆ ನೋಡಿಕೊಂಡು ಕೂತಿರುತ್ತಿದ್ದರು. ಅವರ ಸ್ವಭಾವವೇ ಅಷ್ಟು ಅಂತ ನಾವೆಲ್ಲ ತೀರ್ಮಾನ ಮಾಡಿಬಿಟ್ಟಿದ್ದೆವು.

ಒಂದು ರಾತ್ರಿ ಅವರ ಕೋಣೆಯಲ್ಲಿ ಮಲಗಬೇಕಾಯಿತು. ಗೊರಕೆ ಜೋರಾಗಿ ನಡೆದಿತ್ತು. ಇದ್ದಕ್ಕಿದ್ದ ಹಾಗೆ ನಿಂತುಹೋಯಿತು. ನಾನು ಎಣಿಸತೊಡಗಿದೆ. ಐದು, ಹತ್ತು, ಇಪ್ಪತ್ತು. ಎದೆ ಒದ್ದಾಡುತ್ತಿದೆ, ಉಸಿರು ಮಾತ್ರ ಇಲ್ಲ. ಆಮೇಲೆ ನೀರಿನಿಂದ ತಲೆ ಎತ್ತಿದವರ ಹಾಗೆ ಒಂದು ದೊಡ್ಡ ಏದುಸಿರು. ಕಾಲು ಒಮ್ಮೆ ಅದುರಿತು. ಮತ್ತೆ ಗೊರಕೆ. ಬೆಳಗ್ಗೆ ಕೇಳಿದರೆ, "ಒಳ್ಳೇ ನಿದ್ದೆ ಬಂತಪ್ಪಾ" ಅಂದರು.

ಸ್ಲೀಪ್ ಸ್ಟಡಿ, ಅಂದರೆ ರಾತ್ರಿ ನಿದ್ದೆಯಲ್ಲಿ ಉಸಿರಾಟ ಹೇಗಿದೆ ಅಂತ ಅಳೆಯುವ ಪರೀಕ್ಷೆ, ಮಾಡಿಸಿದೆವು. ಸ್ಲೀಪ್ ಆಪ್ನಿಯಾ ಅಂತ ಗೊತ್ತಾಯಿತು, ನಿದ್ದೆಯಲ್ಲಿ ಉಸಿರು ಮತ್ತೆ ಮತ್ತೆ ಕಟ್ಟುವ ಕಾಯಿಲೆ. ಗಂಟೆಗೆ 38 ಸಲ ಉಸಿರಾಟಕ್ಕೆ ಅಡ್ಡಿ. 30 ದಾಟಿದರೆ ತೀವ್ರ ಅಂತ ಲೆಕ್ಕ. ಏಳು ಗಂಟೆಗೆ ಗುಣಿಸಿ ನೋಡಿ, 266 ಸಲ! ಉಸಿರು ಕಟ್ಟಿದಾಗಲೆಲ್ಲ ಮೆದುಳು ಕೆಲವೇ ಸೆಕೆಂಡ್ ಎಚ್ಚರಾಗಿ ಉಸಿರು ಎಳೆಸುತ್ತದೆ. ಮಲಗಿದವರಿಗೆ ಅದು ನೆನಪೇ ಇರುವುದಿಲ್ಲ. ಮಾಸ್ಕ್ ಮೂಲಕ ಗಾಳಿ ಒತ್ತಿ ಉಸಿರಿನ ದಾರಿ ತೆರೆದಿಡುವ ಸಿಪ್ಯಾಪ್ ಮೆಷಿನ್ ಬಂತು, ಮಾಸ್ಕ್ ಹಾಕಿಕೊಂಡು ಮಲಗಲು ಅಭ್ಯಾಸ ಮಾಡಿಕೊಂಡರು. ಮೂರನೇ ವಾರ ಇರಬೇಕು, ಸಂಜೆ ತಾವಾಗಿಯೇ ಬಂದು ನನ್ನ ಪಕ್ಕ ಕೂತು, "ಏನೋ, ಕೆಲಸ ಹೇಗೆ ನಡೀತಿದೆ?" ಅಂತ ಕೇಳಿದರು. ಅಷ್ಟು ವರ್ಷ ಒಬ್ಬ ದಣಿದ ಮನುಷ್ಯನನ್ನು ನಾವು ಕೋಪಿಷ್ಠ ಅಂತ ಕರೆದಿದ್ದೆವು. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ಅವರದ್ದೂ ಏಳು ಗಂಟೆಯೇ ಅಲ್ವಾ?

ನಿಮ್ಮ ಮನೆಯಲ್ಲೂ ಹೀಗೆ ಗೊರಕೆ ಹೊಡೆದು ಹೊಡೆದು ಸುಮ್ಮನಾಗುವವರು ಇದ್ದರೆ ಈ ವಿಡಿಯೊ ಅವರಿಗೆ ಈಗಲೇ ಕಳಿಸಿ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದರೆ ಮಾಡಿಬಿಡಿ. ಮುಂದಿನ ವಾರ ಸ್ಲೀಪ್ ಸ್ಟಡಿಯಲ್ಲಿ ಏನೇನು ಮಾಡುತ್ತಾರೆ ಅಂತ ತೋರಿಸುತ್ತೇನೆ.

ಈಗ ಇನ್ನೊಂದು ವಾದ ಬರುತ್ತದೆ, ನನಗೆ ಗೊತ್ತು. "ಮನಸ್ಸು ಕೆಟ್ಟಿದ್ದಕ್ಕೇ ನಿದ್ದೆ ಕೆಟ್ಟಿದ್ದು, ನೀವು ಉಲ್ಟಾ ಹೇಳುತ್ತಿದ್ದೀರಿ." ಚಿಂತೆ ನಿದ್ದೆ ಕೆಡಿಸುತ್ತದೆ, ಅದು ಎಲ್ಲರಿಗೂ ಗೊತ್ತಿರುವುದೇ. ಅಲ್ಲಿಗೇ ಯಾಕೆ ನಿಲ್ಲಿಸುತ್ತೀರಿ? ನಿದ್ದೆ ಸರಿಮಾಡಿದರೆ ಮನಸ್ಸಿಗೆ ಏನಾಗುತ್ತದೆ ಅಂತಲೂ ನೋಡಿ. 65 ಪ್ರಯೋಗಗಳನ್ನು, ಎಂಟು ಸಾವಿರಕ್ಕೂ ಜಾಸ್ತಿ ಜನರ ಫಲಿತಾಂಶವನ್ನು ಒಟ್ಟು ಮಾಡಿ 2021ರಲ್ಲಿ ನೋಡಿದರು. ನಿದ್ದೆ ಸುಧಾರಿಸಿದವರಲ್ಲಿ ಖಿನ್ನತೆ, ಆತಂಕ ಎರಡೂ ಇಳಿದಿದ್ದವು. ನಿದ್ದೆ ಹೆಚ್ಚು ಸುಧಾರಿಸಿದಷ್ಟೂ ಮನಸ್ಸೂ ಹೆಚ್ಚು ಸುಧಾರಿಸಿತ್ತು. ಇನ್ನೇನು ಬೇಕು?

"ಎರಡು ಪೆಗ್ ಹಾಕಿದರೆ ನನಗೆ ಕಣ್ತುಂಬ ನಿದ್ದೆ" ಅನ್ನುವವರೂ ಇದ್ದಾರೆ. ಇಲ್ಲ! ಬೇಗ ಕಣ್ಣು ಮುಚ್ಚುತ್ತದೆ, ಅಷ್ಟೇ. ನಶೆ ಇಳಿಯುತ್ತಿದ್ದ ಹಾಗೆ ಉಳಿದರ್ಧ ರಾತ್ರಿ ಚೂರು ಚೂರು. ಕನಸಿನ ನಿದ್ದೆಗೂ ಪೆಟ್ಟು. ಗೊರಕೆ ಇದ್ದವರಿಗಂತೂ ಗಂಟಲು ಇನ್ನಷ್ಟು ಸಡಿಲ. ಗಂಟೆ ಲೆಕ್ಕದಲ್ಲಿ ಇದೂ ಎಂಟೇ!

ಹಾಗಾದರೆ ನಾಲ್ಕು ಗಂಟೆ ಗಟ್ಟಿಯಾಗಿ ಮಲಗಿದರೆ ಸಾಕಾ ಅಂತ ಕೇಳಬೇಡಿ. ಸಾಲದು. ದೊಡ್ಡವರಿಗೆ ಏಳು ಗಂಟೆಯಾದರೂ ಬೇಕು. ಆ ಏಳು ಗಂಟೆ ಇಡಿಯಾಗಿ ಬೇಕು ಅನ್ನುವುದೇ ನನ್ನ ಹಟ. ಹಳೆಯ ನಿದ್ರಾಹೀನತೆಗೆ ಸಿಬಿಟಿ-ಐ ಅಂತ ಒಂದು ಚಿಕಿತ್ಸೆ ಇದೆ, ಮಾತ್ರೆ ಇಲ್ಲದೆ ನಿದ್ದೆಯ ಅಭ್ಯಾಸ, ಯೋಚನೆ ತಿದ್ದುವಂಥದ್ದು. ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕು ಅಂತ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನುವ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಅದರಲ್ಲಿ ಮುಖ್ಯವಾಗಿ ಏನು ಮಾಡಿಸುತ್ತಾರೆ ಗೊತ್ತಾ? ಹಾಸಿಗೆಯಲ್ಲಿ ಕಳೆಯುವ ಹೊತ್ತನ್ನೇ ಕಡಿಮೆ ಮಾಡಿಸುತ್ತಾರೆ! ಒಡೆದ ನಿದ್ದೆ ಮೊದಲು ಒಟ್ಟಾಗಲಿ, ಹೊತ್ತು ಆಮೇಲೆ ಹೆಚ್ಚಿಸೋಣ ಅಂತ. ವೈದ್ಯರೇ ಗಂಟೆ ಹಿಡಿದು ಕೂರುವುದಿಲ್ಲ, ನೀವ್ಯಾಕೆ ಕೂರುತ್ತೀರಿ?

ಒಂದು ಮಾತು ನಿಧಾನವಾಗಿ ಹೇಳುತ್ತೇನೆ. ಎರಡು ವಾರದಿಂದ ಏನೂ ಬೇಡ ಅನ್ನಿಸುತ್ತಿದ್ದರೆ, ಬದುಕೇ ಸಾಕು ಅನ್ನಿಸುತ್ತಿದ್ದರೆ, ನಿದ್ದೆ ಸರಿಹೋಗಲಿ ಅಂತ ಕಾಯಬೇಡಿ. ಇವತ್ತೇ ವೈದ್ಯರ ಹತ್ತಿರ ಹೋಗಿ.

ಉಳಿದವರು ಕಾಮೆಂಟಿನಲ್ಲಿ ಗಂಟೆ ಬರೆಯಬೇಡಿ, ದಯವಿಟ್ಟು! ಆರು, ಏಳು, ಎಂಟು, ಯಾವುದೂ ಬೇಡ. ನಿನ್ನೆ ರಾತ್ರಿ ಎಷ್ಟು ಸಲ ಎಚ್ಚರ ಆಯಿತು, ಬೆಳಗ್ಗೆ ಮೊದಲು ಯಾರ ಮೇಲೆ ರೇಗಿದಿರಿ, ಅದನ್ನು ಬರೆಯಿರಿ. ಒಂದೊಂದನ್ನೂ ಕೂತು ಓದುತ್ತೇನೆ. ಆ ಇನ್ನೂರು ಲೈಕ್ ಕೊಟ್ಟವರೂ ಬರೆಯಿರಿ.