ಬೆನ್ನಟ್ಟಿಸಿಕೊಂಡವರ ಪರ ನಿಂತ ಮಾಲ್‌ಜೆರ್ಬ್

ಕೇಳುಗರಿಗೆ ನಮಸ್ಕಾರ. ಫ್ರಾನ್ಸಿನ ಮಹಾಕ್ರಾಂತಿಯ ಮಾತು ಬಂದಾಗಲೆಲ್ಲ ನಾವು ರೋಬೆಸ್ಪಿಯರ್, ನೆಪೋಲಿಯನ್ ಎಂಬ ಹೆಸರುಗಳಲ್ಲೇ ನಿಂತುಬಿಡುತ್ತೇವೆ. ನನಗಿದು ಸರಿಯೆನಿಸುವುದಿಲ್ಲ. 1721ರಲ್ಲಿ ಪ್ಯಾರಿಸ್ಸಿನಲ್ಲಿ, ನ್ಯಾಯಾಧೀಶರ ದೊಡ್ಡ ಮನೆತನದಲ್ಲಿ ಹುಟ್ಟಿದ ಮಾಲ್‌ಜೆರ್ಬ್ ಅವರ ಹೆಸರು ನಮ್ಮ ವಿದ್ಯಾರ್ಥಿಗಳಿಗೆ ತಿಳಿದಿರಲೇಬೇಕು. ಅಧಿಕಾರದ ಒಳಗಿದ್ದುಕೊಂಡೇ, ಅಧಿಕಾರ ಬೆನ್ನಟ್ಟಿದವರ ಪರವಾಗಿ ನಿಂತವರು ಅವರು. ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

1750ರಲ್ಲಿ ಅವರ ತಂದೆ ರಾಜ್ಯದ ಚಾನ್ಸಲರ್, ಅಂದರೆ ನ್ಯಾಯಾಡಳಿತದ ಮುಖ್ಯಸ್ಥ, ಆದಾಗ, ಪುಸ್ತಕ ಮುದ್ರಣದ ಮೇಲ್ವಿಚಾರಣೆ ಮಗನ ಪಾಲಿಗೆ ಬಂತು. ಆ ಹೊತ್ತಿಗೆ ದಿದೆರೊ ಮತ್ತು ದಾಲಂಬೇರ್ ಸಿದ್ಧಪಡಿಸುತ್ತಿದ್ದ ವಿಶ್ವಕೋಶ ಪಾದ್ರಿಗಳ ಕೋಪಕ್ಕೆ ಗುರಿಯಾಗಿ, 1752ರಲ್ಲಿ ಅದರ ಮೊದಲ ಎರಡು ಸಂಪುಟಗಳ ಮೇಲೆ ನಿಷೇಧ ಬಿತ್ತು. ಹಸ್ತಪ್ರತಿಗಳನ್ನು ಜಪ್ತಿ ಮಾಡುವ ಆದೇಶ ಮರುದಿನವೇ ಹೊರಡಲಿದೆಯೆಂದು ಮಾಲ್‌ಜೆರ್ಬ್ ಅವರೇ ದಿದೆರೊಗೆ ಮುಂಚಿತವಾಗಿ ತಿಳಿಸಿದರೆಂದು ದಿದೆರೊ ಅವರ ಮಗಳು ಬರೆದಿಟ್ಟಿದ್ದಾರೆ. ಇಷ್ಟೊಂದು ಕಾಗದಗಳನ್ನು ಒಂದೇ ದಿನದಲ್ಲಿ ಎಲ್ಲಿಗೆ ಸಾಗಿಸುವುದು, ಇಟ್ಟುಕೊಳ್ಳುವ ಧೈರ್ಯ ಯಾರಿಗಿದೆ ಎಂದು ದಿದೆರೊ ಕಂಗಾಲಾದರಂತೆ. ಎಲ್ಲವನ್ನೂ ನನ್ನ ಮನೆಗೇ ಕಳುಹಿಸಿಬಿಡಿ, ಅಲ್ಲಿಗೆ ಯಾರೂ ಹುಡುಕಿಕೊಂಡು ಬರುವುದಿಲ್ಲ ಎಂದು ಮಾಲ್‌ಜೆರ್ಬ್ ಉತ್ತರ ಕೊಟ್ಟರಂತೆ. ದಯವಿಟ್ಟು ಒಮ್ಮೆ ಕಲ್ಪಿಸಿಕೊಳ್ಳಿ: ಜಪ್ತಿ ಮಾಡಿಸಬೇಕಾದ ಅಧಿಕಾರಿಯ ಮನೆಯಲ್ಲೇ ಜಪ್ತಿಯಾಗಬೇಕಾದ ಕಾಗದಗಳು ಸುರಕ್ಷಿತವಾಗಿದ್ದವು! ಆ ಶತಮಾನದ ಚರಿತ್ರೆಯಲ್ಲಿ ನನಗೆ ಇದಕ್ಕಿಂತ ಪ್ರಿಯವಾದ ಪ್ರಸಂಗ ಇನ್ನೊಂದಿಲ್ಲ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಬೇಗ ಹೇಳುತ್ತೇನೆ. ತೆರಿಗೆ ನ್ಯಾಯಾಲಯದ ಮುಖ್ಯಸ್ಥರಾಗಿ ದೊರೆಯ ನಿರಂಕುಶತೆಯನ್ನು ದೊರೆಗೇ ಬರೆದು ಖಂಡಿಸಿದ್ದಕ್ಕೆ 1771ರಲ್ಲಿ ಪ್ಯಾರಿಸ್ಸಿನಿಂದ ಹೊರದೂಡಲ್ಪಟ್ಟರು. ಮುಂದೆ ಎರಡು ಬಾರಿ ಮಂತ್ರಿಯಾದರು. ಕ್ಯಾಥೊಲಿಕ್ ರಾಜ್ಯದಲ್ಲಿ ಅಲ್ಪಸಂಖ್ಯಾತ ಕ್ರೈಸ್ತರಾಗಿದ್ದ ಪ್ರಾಟೆಸ್ಟಂಟರ ಮದುವೆ ಮತ್ತು ಜನನಗಳಿಗೆ ಕಾನೂನಿನ ಮಾನ್ಯತೆ ಕೊಟ್ಟ 1787ರ ಶಾಸನದ ಹಿಂದೆ ಅವರ ದುಡಿಮೆಯಿತ್ತು.

1792ರ ಡಿಸೆಂಬರಿನಲ್ಲಿ, ಕ್ರಾಂತಿ ಪಟ್ಟದಿಂದ ಇಳಿಸಿದ್ದ ದೊರೆ 16ನೆಯ ಲೂಯಿಯ ವಿಚಾರಣೆ ಆರಂಭವಾಯಿತು. ಈಗ ಬೆನ್ನಟ್ಟುತ್ತಿದ್ದುದು ಗಣರಾಜ್ಯ, ಸಿಕ್ಕಿಬಿದ್ದಿದ್ದವನು ದೊರೆ. 71 ವರ್ಷದ ಮಾಲ್‌ಜೆರ್ಬ್ ಆಗಲೂ ಸಿಕ್ಕಿಬಿದ್ದವನ ಪಕ್ಕಕ್ಕೇ ಹೋದರು. ಅವನ ಪರ ವಾದಿಸಲು ಅವಕಾಶ ಕೊಡಿರೆಂದು ತಾವಾಗಿಯೇ ಪತ್ರ ಬರೆದರು. ದೊರೆಯ ತಲೆ ಉಳಿಯಲಿಲ್ಲ. 1794ರ ಏಪ್ರಿಲ್ 22ರಂದು ಮಗಳು, ಮೊಮ್ಮಗಳು ಮತ್ತು ಆಕೆಯ ಗಂಡನೊಂದಿಗೆ ಮಾಲ್‌ಜೆರ್ಬ್ ಅವರನ್ನೂ ತಲೆ ಕಡಿಯುವ ಯಂತ್ರವಾದ ಗಿಲೋಟಿನ್‌ಗೆ ಏರಿಸಲಾಯಿತು.

ಇನ್ನೊಬ್ಬ ಮೊಮ್ಮಗಳು ಸೆರೆಮನೆಯಿಂದ ಜೀವಸಹಿತ ಹೊರಬಂದರು. ಅಮೆರಿಕದ ಪ್ರಜಾಪ್ರಭುತ್ವವನ್ನು ಕುರಿತು ಜಗತ್ಪ್ರಸಿದ್ಧ ಗ್ರಂಥ ಬರೆದ ಅಲೆಕ್ಸಿ ದ ತೋಕ್‌ವಿಲ್ ಆಕೆಯ ಮಗ. ನಮಸ್ಕಾರ.