ಹಿತ್ತಲ ಕೋಳಿಯ ಸ್ವಭಾವ: ಕುಕ್ಕು, ಕೂಗು, ಕಾವು

[ದೃಶ್ಯ: ಬೆಳಗಿನ ಹೊತ್ತು. ಗೂಡಿನ ಬಾಗಿಲು ತೆರೆದ ಕೂಡಲೇ ನಾಟಿ ಕೋಳಿಗಳು ಒಂದರ ಹಿಂದೊಂದು ಹೊರಬರುತ್ತವೆ.]

ನಿರೂಪಣೆ: ನಮಸ್ಕಾರ ವೀಕ್ಷಕರೇ. ಹಿತ್ತಲಿನಲ್ಲಿ ಐದಾರು ನಾಟಿ ಕೋಳಿ ಸಾಕಿರುವವರಿಗೆ ಈ ದೃಶ್ಯ ಹೊಸದೇನಲ್ಲ. ಎರಚಿದ ರಾಗಿಗೆ ಯಾವ ಕೋಳಿ ಮೊದಲು ಬಾಯಿ ಹಾಕಬೇಕು, ಯಾವುದು ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ರಾತ್ರಿ ಗೂಡಿನೊಳಗಿನ ಅಡ್ಡಗೋಲಿನ ಮೇಲೆ ಯಾವುದು ಎಲ್ಲಿ ಕೂರಬೇಕು ಎಂಬುದೆಲ್ಲ ಅವುಗಳ ನಡುವೆ ಮೊದಲೇ ತೀರ್ಮಾನವಾಗಿರುತ್ತದೆ. ಕೋಳಿಗೆ ಬುದ್ಧಿಯಿಲ್ಲ ಎನ್ನುವವರು ಒಂದು ವಾರ ಸುಮ್ಮನೆ ಕುಳಿತು ಈ ಏರ್ಪಾಟನ್ನು ಗಮನಿಸುವುದು ಒಳ್ಳೆಯದು.

ಇದನ್ನು ಮೊದಲು ಶಾಸ್ತ್ರೀಯವಾಗಿ ವಿವರಿಸಿದವರು ನಾರ್ವೆಯ ಥೋರ್ಲೈಫ್ ಷೆಲ್ಡೆರುಪ್-ಎಬ್ಬೆ. ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಎಂದು ಬರೆದಿಡುತ್ತಿದ್ದ ಅವರು, 1920ರ ದಶಕದ ಆರಂಭದಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಹಿಂಡಿನ ಮೊದಲ ಹೇಟೆ ಉಳಿದೆಲ್ಲವನ್ನೂ ಕುಕ್ಕಬಲ್ಲದು, ಎರಡನೆಯದು ಮೊದಲನೆಯದನ್ನು ಬಿಟ್ಟು ಮಿಕ್ಕವನ್ನು ಕುಕ್ಕಬಲ್ಲದು, ಕಟ್ಟಕಡೆಯದು ಎಲ್ಲರಿಂದಲೂ ಕುಕ್ಕಿಸಿಕೊಳ್ಳುತ್ತದೆ. ಆದರೆ ಈ ಸಾಲು ಯಾವಾಗಲೂ ನೇರವಾಗಿರುವುದಿಲ್ಲ. ಮೊದಲನೆಯದು ಎರಡನೆಯದನ್ನು, ಎರಡನೆಯದು ಮೂರನೆಯದನ್ನು ಕುಕ್ಕುತ್ತಿದ್ದರೂ, ಆ ಮೂರನೆಯದು ಮೊದಲನೆಯದನ್ನೇ ಹೆದರಿಸುವ ತ್ರಿಕೋನಗಳನ್ನೂ ಅವರು ಕಂಡಿದ್ದರು.

[ದೃಶ್ಯ: ಎರಡು ಹೇಟೆಗಳು ಕತ್ತಿನ ಗರಿ ಕೆದರಿ ಎದುರುಬದುರು ನಿಲ್ಲುತ್ತವೆ. ಒಂದು ತಲೆ ತಗ್ಗಿಸಿ ಹೊರಟುಹೋಗುತ್ತದೆ.]

ನಿರೂಪಣೆ: ಸ್ಥಾನ ಒಮ್ಮೆ ಗೊತ್ತಾದ ಮೇಲೆ ಜಗಳ ಬಹುಮಟ್ಟಿಗೆ ನಿಲ್ಲುತ್ತದೆ, ಬರಿಯ ನೋಟವೇ ಸಾಕಾಗುತ್ತದೆ. ಕೋಳಿಗಳು ಒಂದನ್ನೊಂದು ಗುರುತಿಸುವುದು ಹೆಚ್ಚಾಗಿ ತಲೆ ಮತ್ತು ಜುಟ್ಟಿನಿಂದ. ಸಂತೆಯಿಂದ ತಂದ ಹೊಸ ಹೇಟೆಯನ್ನು ನೇರವಾಗಿ ಹಿಂಡಿಗೆ ಬಿಟ್ಟರೆ ರಕ್ತ ಬರುವಷ್ಟು ಕಾದಾಟ ನಡೆಯುವುದಕ್ಕೆ ಇದೇ ಕಾರಣ, ಏಕೆಂದರೆ ಪರಿಚಯವಿಲ್ಲದ ಮುಖಕ್ಕೆ ಆ ಹಿಂಡಿನಲ್ಲಿ ಸ್ಥಾನವೇ ಇರುವುದಿಲ್ಲ. ಹೊಸ ಕೋಳಿಯನ್ನು ಮೊದಲು ಮೂರು ನಾಲ್ಕು ವಾರ ದೂರದಲ್ಲಿ ಬೇರೆಯಾಗಿಡಬೇಕು. ರಾಣಿಖೇತ್‌ನಂಥ ರೋಗವೇನಾದರೂ ಜೊತೆಯಲ್ಲಿ ಬಂದಿದ್ದರೆ ಅಷ್ಟರಲ್ಲಿ ಹೊರಬೀಳುತ್ತದೆ. ಆಮೇಲೆ ಕೆಲವು ದಿನ ತಂತಿ ಜಾಲರಿಯ ಆಚೆ ಕಾಣುವಂತೆ ಇಟ್ಟು, ಒಂದು ಸಂಜೆ ಕತ್ತಲಾದ ಬಳಿಕ ಅಡ್ಡಗೋಲಿನ ಮೇಲೆ ಕೂರಿಸುವುದು ಲೇಸು. ಕಾಳನ್ನು ಒಂದೇ ತಟ್ಟೆಗೆ ಸುರಿಯದೆ ಮೂರು ನಾಲ್ಕು ಕಡೆ ಹಾಕಿದರೆ ಕಡೆಯ ಸ್ಥಾನದ ಕೋಳಿಯೂ ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಗಾಯವಾದ ಕೋಳಿಯನ್ನು ಮಾತ್ರ ತಕ್ಷಣ ಬೇರ್ಪಡಿಸಬೇಕು. ರಕ್ತ ಕಂಡರೆ ಉಳಿದವು ಅದೇ ಜಾಗವನ್ನು ಮತ್ತೆ ಮತ್ತೆ ಕುಕ್ಕುತ್ತವೆ, ಅದನ್ನು ನೋಡುವುದು ಕಷ್ಟ.

[ದೃಶ್ಯ: ಹುಂಜವು ತಿಪ್ಪೆಯನ್ನು ಕೆದರಿ, ಹುಳುವೊಂದನ್ನು ಎತ್ತಿ ಬಿಟ್ಟು, ಹೇಟೆಗಳನ್ನು ಕರೆಯುತ್ತದೆ.]

ನಿರೂಪಣೆ: ಇನ್ನು ಹುಂಜದ ವಿಷಯ. ತನ್ನ ಕೋಳಿ ಕೂಗಿದರೇನೇ ಊರಿಗೆ ಬೆಳಗಾಗುವುದು ಎಂದು ನಂಬಿದ್ದ ಅಜ್ಜಿಯ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಬೆಳಕಿಗೂ ಕೂಗಿಗೂ ಇರುವ ನಂಟನ್ನು ಜಪಾನಿನ ನಗೋಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2013ರಲ್ಲಿ ಪರೀಕ್ಷಿಸಿದರು. ಸದಾ ಮಂದಬೆಳಕಿರುವ ಕೋಣೆಯಲ್ಲಿಟ್ಟ ಹುಂಜಗಳೂ ಹೆಚ್ಚುಕಡಿಮೆ ದಿನಕ್ಕೊಮ್ಮೆಯ ಲಯದಲ್ಲಿಯೇ ಕೂಗುತ್ತಿದ್ದವು. ಅಂದರೆ ಗಡಿಯಾರ ಅವುಗಳ ದೇಹದೊಳಗೇ ಇದೆ. ಎರಡು ವರ್ಷಗಳ ಬಳಿಕ ಅದೇ ತಂಡವು ಇನ್ನೊಂದು ಸಂಗತಿಯನ್ನು ತೋರಿಸಿತು. ಬೆಳಗಿನ ಜಾವ ಮೊದಲು ಕೂಗುವ ಹಕ್ಕು ಅತಿ ಮೇಲಿನ ಸ್ಥಾನದ ಹುಂಜಕ್ಕೆ ಸೇರಿದ್ದು, ಉಳಿದವು ತಮ್ಮ ತಮ್ಮ ಸ್ಥಾನಕ್ಕೆ ತಕ್ಕಂತೆ ಒಂದಾದ ಮೇಲೊಂದು ಕೂಗುತ್ತವೆ. ಕುಕ್ಕುವುದರಲ್ಲಿರುವ ಶಿಸ್ತು ಕೂಗುವುದರಲ್ಲಿಯೂ ಇದೆ ಎಂದಾಯಿತು.

ಹಗಲಿನಲ್ಲಿ ಹುಂಜ ಬೇರೆ ಬೇರೆ ದನಿಗಳನ್ನು ಬಳಸುತ್ತದೆ, ನನ್ನ ಮಟ್ಟಿಗೆ ಕೋಳಿಯ ನಡವಳಿಕೆಯಲ್ಲಿ ಅತ್ಯಂತ ಸ್ವಾರಸ್ಯದ ಭಾಗವೇ ಇದು. ಹುಳು ಸಿಕ್ಕಾಗ ಅದನ್ನು ತಾನೇ ನುಂಗದೆ, ಕೊಕ್ಕಿನಿಂದ ಎತ್ತಿ ಕೆಳಗೆ ಹಾಕುತ್ತ, ಕುಕ್ ಕುಕ್ ಎಂದು ಬೇಗ ಬೇಗ ಕರೆದು ಹೇಟೆಗಳನ್ನು ಸೇರಿಸುತ್ತದೆ. ಏನೂ ಸಿಗದೆ ಇದ್ದರೂ ಕೆಲವೊಮ್ಮೆ ಹಾಗೆಯೇ ಕರೆಯುವುದುಂಟು, ಆದರೆ ಪದೇ ಪದೇ ಹುಸಿ ಕರೆ ಕೊಡುವ ಹುಂಜವನ್ನು ಹೇಟೆಗಳು ಕ್ರಮೇಣ ಲೆಕ್ಕಕ್ಕೇ ಇಡುವುದಿಲ್ಲ. ಆಕಾಶದಲ್ಲಿ ಹದ್ದು ಕಂಡಾಗ ಹುಂಜ ಎಳೆದಂತೆ ಒಂದು ಸಣ್ಣ ಚೀರು ಹಾಕುತ್ತದೆ, ಅದನ್ನು ಕೇಳಿದ ಹೇಟೆಗಳು ಪೊದೆಗೆ ಓಡುತ್ತವೆ ಅಥವಾ ಅಲ್ಲಿಯೇ ನೆಲಕ್ಕೆ ಅಡಗುತ್ತವೆ. ನಾಯಿ, ಮುಂಗುಸಿ ನೆಲದ ಮೇಲೆ ಬಂದರೆ ದನಿ ಬದಲಾಗಿ ಕಡಿದು ಕಡಿದು ಬರುವ ಗದ್ದಲವಾಗುತ್ತದೆ, ಆಗ ಹೇಟೆಗಳು ಕತ್ತೆತ್ತಿ ನೆಟ್ಟಗೆ ನಿಂತು ಸುತ್ತ ನೋಡುತ್ತವೆ. ಹೇಟೆಗಳು ಹತ್ತಿರ ಇಲ್ಲದಿದ್ದಾಗ ಹುಂಜ ಹದ್ದಿನ ಎಚ್ಚರಿಕೆ ಕೊಡುವುದು ಕಡಿಮೆ. ತಾನು ಮರೆಯಲ್ಲಿ ನಿಂತಿರುವಾಗ ಹೆಚ್ಚು ಧಾರಾಳವಾಗಿ ಕೂಗುತ್ತದೆ ಎಂಬುದನ್ನೂ ಸಂಶೋಧಕರು ಗುರುತಿಸಿದ್ದಾರೆ, ಹುಂಜದ ಶೌರ್ಯಕ್ಕೂ ಒಂದು ಲೆಕ್ಕಾಚಾರವಿದೆ.

ಇವೆಲ್ಲ ಕಾಡಿನಿಂದ ಬಂದ ಗುಣಗಳು. ಸಾಕುಕೋಳಿಯ ಮೂಲ ಕೆಂಪು ಕಾಡುಕೋಳಿ. ನಮ್ಮ ಪಶ್ಚಿಮ ಘಟ್ಟದಲ್ಲಿರುವ ಬೂದು ಕಾಡುಕೋಳಿಯ ಪಾಲೂ ಅದರಲ್ಲಿದೆ, ಹಳದಿ ಕಾಲು ಮತ್ತು ಹಳದಿ ಚರ್ಮದ ಗುಣ ಅದರಿಂದಲೇ ಬಂದಿರಬೇಕೆಂದು 2008ರ ಸಂಶೋಧನೆಯೊಂದು ತಿಳಿಸಿತು. ಹಸಿವಿಲ್ಲದಿದ್ದರೂ ತಿಪ್ಪೆ ಕೆದರುವುದು, ಸಂಜೆ ಎತ್ತರಕ್ಕೆ ಹಾರಿ ಕೂರುವುದು, ಗರಿಯ ಜಿಡ್ಡು ಮತ್ತು ಹೇನು ಕಳೆಯಲು ಬೂದಿಯಲ್ಲಿ, ಒಣ ಮಣ್ಣಿನಲ್ಲಿ ಹೊರಳಾಡುವುದು ಎಲ್ಲವೂ ಆ ಕಾಡಿನ ರೂಢಿಗಳೇ. ಬಿಸಿಲಿಗೆ ಒಂದು ಪಕ್ಕಕ್ಕೆ ಬಿದ್ದು ರೆಕ್ಕೆ ಚಾಚಿದ ಕೋಳಿಯನ್ನು ಕಂಡು ಸತ್ತಿತೆಂದು ಗಾಬರಿಪಡುವ ಅಗತ್ಯವಿಲ್ಲ.

[ದೃಶ್ಯ: ಬುಟ್ಟಿಯಲ್ಲಿ ಹುಲ್ಲಿನ ಮೇಲೆ ಕಾವಿಗೆ ಕೂತ ಹೇಟೆ. ಕೈ ಹತ್ತಿರ ಬಂದಾಗ ಗರಿ ಉಬ್ಬಿಸುತ್ತದೆ.]

ನಿರೂಪಣೆ: ಎಷ್ಟೇ ಸಾಧುವಾದ ಹೇಟೆಯೂ ಕಾವಿಗೆ ಬಂದಾಗ ಬೇರೆಯೇ ಆಗುತ್ತದೆ. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಏರುತ್ತಲೇ ಮೊಟ್ಟೆ ಇಡುವುದು ನಿಲ್ಲುತ್ತದೆ, ಕೈ ಚಾಚಿದರೆ ಕುಕ್ಕುತ್ತದೆ, 21 ದಿನಗಳ ಕಾಲ ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಮೇವಿಗೆ ಎದ್ದದ್ದು ಬಿಟ್ಟರೆ ಜಾಗ ಬಿಡುವುದಿಲ್ಲ. ಮೊಟ್ಟೆಗಾಗಿಯೇ ತಲೆಮಾರುಗಳಿಂದ ಆಯ್ದು ಬೆಳೆಸಿದ ವೈಟ್ ಲೆಗ್‌ಹಾರ್ನ್‌ನಲ್ಲಿ ಈ ಗುಣ ಬಹುತೇಕ ಅಳಿದಿದೆ, ನಾಟಿ ಕೋಳಿಯಲ್ಲಿ ಗಟ್ಟಿಯಾಗಿ ಉಳಿದಿದೆ. ಮರಿ ಬೇಡವೆಂದಾದರೆ ಕೆಲವರು ಹೇಟೆಯನ್ನು ನೀರಿನಲ್ಲಿ ಅದ್ದುತ್ತಾರೆ, ಅದು ಬೇಡದ ಹಿಂಸೆ. ಹುಲ್ಲುಹಾಸಿಲ್ಲದ, ತಳಕ್ಕೆ ಜಾಲರಿಯಿರುವ, ಗಾಳಿಯಾಡುವ ಪಂಜರದಲ್ಲಿ ಮೇವು ನೀರು ಕೊಟ್ಟು ಕೆಲವು ದಿನ ಇಟ್ಟರೆ ಹೊಟ್ಟೆಯ ಭಾಗ ತಣ್ಣಗಾಗಿ ಕಾವು ತಾನಾಗಿ ಇಳಿಯುತ್ತದೆ.

ಮರಿ ಬೇಕಾದವರು ಕಡೆಯ ಒಂದೆರಡು ದಿನ ಬುಟ್ಟಿಯ ಹತ್ತಿರ ಕಿವಿಗೊಟ್ಟರೆ ಚಿಪ್ಪಿನೊಳಗಿನಿಂದಲೇ ಮರಿಗಳ ಚಿಂವ್ ಚಿಂವ್ ದನಿಯೂ, ಅದಕ್ಕೆ ತಾಯಿ ಕೊಡುವ ಮೆಲುದನಿಯ ಉತ್ತರವೂ ಕೇಳಿಸುತ್ತವೆ. ಮೊದಲು ಹೊರಬಂದ ಮರಿಗೆ ಹೊಟ್ಟೆಯಲ್ಲಿ ಉಳಿದ ಹಳದಿ ಭಾಗವೇ ಎರಡು ದಿನಗಳ ಆಹಾರವಾಗುವುದರಿಂದ, ಉಳಿದ ಮೊಟ್ಟೆಗಳು ಒಡೆಯುವವರೆಗೆ ತಾಯಿ ಕಾಯಬಲ್ಲದು, ನಾವು ಅವಸರಪಟ್ಟು ಮರಿಗಳನ್ನು ಎತ್ತಿಕೊಳ್ಳಬೇಕಿಲ್ಲ. ಆಮೇಲಿನ ವಾರಗಳಲ್ಲಿ ಹದ್ದಿಗೂ ಎದುರಾಗಿ ನಿಲ್ಲುವ ಇದೇ ಹೇಟೆ, ಮರಿಗಳಿಗೆ ಗರಿ ಬಲಿತ ಮೇಲೆ ಒಂದು ದಿನ ಅವುಗಳನ್ನೇ ಕುಕ್ಕಿ ದೂರ ಓಡಿಸಿ, ಮತ್ತೆ ಮೊಟ್ಟೆಗೆ ಬರುತ್ತದೆ. ಆ ಮರಿಗಳು ಅಂದಿನಿಂದ ಹಿಂಡಿನಲ್ಲಿ ತಮ್ಮ ಸ್ಥಾನಕ್ಕಾಗಿ ತಾವೇ ಕಾದಾಡಬೇಕು.